ಸಮಾಜವಾದಿ ಪಕ್ಷವನ್ನು ಕೊಂದವರಾರು?

ಬೈಲಹೊಂಗಲದ ಹತ್ತಿ ಪೇಟೆಯಲ್ಲಾಗಲಿ, ಸವದತ್ತಿಯ ಚಹಾದಂಗಡಿಯಲ್ಲಾಗಲಿ, ರಾಮದುರ್ಗದ ನೇಕಾರರ ಓಣಿಯಲ್ಲಾಗಲಿ ರಾಜಕಾರಣದ ಮಾತು ಎದ್ದಾಗ ತಿಳಿದವರೆನಿಸಿಕೊಂಡ ಒಬ್ಬರಾದರೂ ಕೆಮ್ಮಿ, ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು ತೀರ್ಪು ಕೊಟ್ಟೇ ಬಿಡುತ್ತಾರೆ: "ಸಮಾಜವಾದ ಗಿಮಾಜವಾದ ಎಲ್ಲಾ ಮಲೆನಾಡಿನ ಮಾತ್ರೀ. ನಮ್ಮ ಮಣ್ಣಿಗೆ ಅದು ಹತ್ತೂದಿಲ್ಲ. ಇಲ್ಲೆ ನಡಿಯೂದು ಜಾತಿ. ಅದು ಸಾಲದಿದ್ರ ರೊಕ್ಕ." ಸುತ್ತ ಕೂತವರು ತಲೆದೂಗುತ್ತಾರೆ. ಚಹಾ ಮುಗಿಯುತ್ತದೆ, ಚರ್ಚೆಯೂ ಮುಗಿಯುತ್ತದೆ.

ಈ ಮಾತು ಸುಳ್ಳು. ಹೇಳುವವನಿಗೆ ಲಾಭ ತರುವ ಸುಳ್ಳು. ದುಡಿಯುವವರ ಪಕ್ಷವೊಂದು ಈ ಸೀಮೆಯಲ್ಲಿ ಬೆಳೆಯುವುದೇ ಸಾಧ್ಯವಿಲ್ಲವೆಂದು ಗಿರಣಿ ಕಾಮಗಾರನೂ ಕಿರಾಣಿ ಅಂಗಡಿಕಾರನೂ ನಂಬಿಬಿಟ್ಟರೆ ದೊಡ್ಡ ಪಕ್ಷಗಳ ಪುಢಾರಿಗೆ ಅರ್ಧ ಚುನಾವಣೆ ಮನೆಯಲ್ಲಿ ಕೂತೇ ಗೆದ್ದಂತಾಯಿತು. ಆದುದರಿಂದ ಈ ಸುಳ್ಳನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡುವುದು ಅಗತ್ಯವಾಗಿದೆ.

1989ರ ವಿಧಾನಸಭೆಯ ಚುನಾವಣೆಯನ್ನು ನೆನಪಿಗೆ ತಂದುಕೊಳ್ಳಿರಿ. ರಾಜ್ಯದ ತುಂಬ ಕಾಂಗ್ರೆಸ್ಸಿನ ಅಲೆ ಎದ್ದು 224 ಸ್ಥಾನಗಳಲ್ಲಿ 178 ಅದರ ಪಾಲಾದವು. ಅಂಥ ವರ್ಷದಲ್ಲಿ ಕಿತ್ತೂರಿನ ಮತದಾರರು ಹಸಿರು ಶಾಲಿನ ರೈತಸಂಘದ ಬಾಬಾಗೌಡ ಪಾಟೀಲರನ್ನು ಆರಿಸಿ ಕಳಿಸಿದರು. ಧಾರವಾಡ ಗ್ರಾಮಾಂತರದಲ್ಲಿಯೂ ಅವರೇ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡದ ಸ್ಥಾನಕ್ಕೆ ಉಪಚುನಾವಣೆ ನಡೆದಾಗ ಮೈಸೂರು ಕಡೆಯ ಕಾನೂನು ಪ್ರಾಧ್ಯಾಪಕ ಎಂ. ಡಿ. ನಂಜುಂಡಸ್ವಾಮಿಯವರನ್ನು ಅಲ್ಲಿಯ ರೈತರು ಆರಿಸಿದರು. ಜಾತಿ ಮತ್ತು ರೊಕ್ಕ ಬಿಟ್ಟರೆ ಬೇರೆ ನಾಣ್ಯ ಚಲಾವಣೆಯಾಗದ ಸೀಮೆಯಾಗಿದ್ದರೆ ಇದು ಹೇಗೆ ನಡೆಯಿತು?

ಇನ್ನೂ ಹಿಂದಕ್ಕೆ ಹೋಗೋಣ. 1939ರ ಏಪ್ರಿಲ್ 7ರಂದು ರಾಮದುರ್ಗ ಸಂಸ್ಥಾನದಲ್ಲಿ ಪ್ರಜಾ ಸಂಘದ ಮುಖಂಡರನ್ನು ಹಿಡಿದು ಹಾಕಿದಾಗ ಜನ ಸೆರೆಮನೆಗೇ ನುಗ್ಗಿದರು. ಪೋಲೀಸರು ಸತ್ತರು, ಆ ಮೇಲೆ ಪ್ರಜೆಗಳಿಗೆ ಗಲ್ಲುಗಳಾದವು. ಗಾಂಧೀಜಿಯವರು ಆ ಹಿಂಸೆಯನ್ನು ಖಂಡಿಸಿದರು, ಖಂಡಿಸತಕ್ಕದ್ದೇ ಆಗಿತ್ತು. ಆದರೆ ನಮ್ಮ ಪ್ರಶ್ನೆ ಬೇರೆ. ಅಷ್ಟು ಸಿಟ್ಟು ತುಂಬಿದ ಜನರನ್ನು ಮರುದಿನ, ಮರುವರ್ಷ, ಹತ್ತು ವರ್ಷ ಒಟ್ಟಿಗೆ ಹಿಡಿದು ನಿಲ್ಲಿಸುವ ಸಂಘಟನೆ ಎಲ್ಲಿತ್ತು? 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಕರಗಿತು. ಪ್ರಜಾ ಸಂಘದ ಮಾತು ಮುದುಕರ ಬಾಯಲ್ಲಿ ಉಳಿಯಿತು.

ಈ ಮಣ್ಣಿನಲ್ಲಿ ಬೆಳೆ ಬರುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಬಂದ ಬೆಳೆಯನ್ನು ಯಾರ ಕಣಜಕ್ಕೆ ಹೊತ್ತು ಹಾಕಲಾಯಿತು ಎಂಬುದೇ ಕೇಳಬೇಕಾದ ಮಾತು. ಅದಕ್ಕೆ ಕರ್ನಾಟಕದ ಸಮಾಜವಾದಿ ಪಕ್ಷದ ಕಥೆಯನ್ನು ಮೊದಲಿನಿಂದ ಬಿಚ್ಚಬೇಕಾಗುತ್ತದೆ.

1934ರಲ್ಲಿ ಪಾಟ್ನಾದಲ್ಲಿ ಆಚಾರ್ಯ ನರೇಂದ್ರದೇವ, ಜಯಪ್ರಕಾಶ ನಾರಾಯಣ ಮೊದಲಾದವರು ಕಾಂಗ್ರೆಸ್ಸಿನ ಒಳಗೇ ಸಮಾಜವಾದಿ ಪಕ್ಷವನ್ನು ಕಟ್ಟಿದರು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಅದರ ಮುಂಚೂಣಿಯಲ್ಲಿದ್ದರು. ಸ್ವರಾಜ್ಯ ಬಂದ ಮರುವರ್ಷ, 1948ರಲ್ಲಿ, ಪಕ್ಷ ಕಾಂಗ್ರೆಸ್ಸಿನಿಂದ ಹೊರಬಂದಿತು. ಹೊರಬಂದುದು ಸರಿಯೆಂದು ಕರ್ನಾಟಕದಲ್ಲಿ ಸಿದ್ಧವಾದದ್ದು ಮೂರೇ ವರ್ಷದಲ್ಲಿ, ಶಿವಮೊಗ್ಗೆ ಜಿಲ್ಹೆಯ ಸಾಗರ ತಾಲೂಕಿನ ಕಾಗೋಡು ಎಂಬ ಹಳ್ಳಿಯಲ್ಲಿ.

ಕಾಗೋಡಿನ ಜಗಳ ಆರಂಭವಾದದ್ದು ಒಂದು ಕೊಳಗದಿಂದ. ಪೇಟೆಯಲ್ಲಿ ಕೂತ ನಮ್ಮ ಅಂಗಡಿಕಾರ ಬಂಧುಗಳಿಗೆ ಅಳತೆಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಣಿದಾರ ಭತ್ತ ತಂದು ಸುರಿದಾಗ ಒಡೆಯರ ಮನೆಯ ಕೊಳಗ ದೊಡ್ಡದಾಗುತ್ತಿತ್ತು. ಅಳೆದಷ್ಟೂ ಗೇಣಿ ತೀರದು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಅಳತೆಯ ಮೋಸದ ಜತೆಗೆ ಬಿಟ್ಟಿ ದುಡಿಮೆ, ಒಡೆಯರೆದುರು ಮೈಮುಚ್ಚಿ ನಡೆಯಲಾಗದ ಅವಮಾನ ಬೇರೆ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘ "ಸರಕಾರದ ಅಳತೆಯಲ್ಲಿ ಅಳೆಯಿರಿ" ಎಂದು ಕೇಳಿತು. ಕೇಳಿದ್ದಕ್ಕೆ ಉತ್ತರವೆಂದರೆ ಹೊಲದಿಂದ ಹೊರಗೆ ಹಾಕುವುದು! 1951ರ ಏಪ್ರಿಲಿನಲ್ಲಿ ರೈತರು ನೇಗಿಲು ಹೊತ್ತು ತಾವೇ ಉತ್ತು ಬೆಳೆದ ಹೊಲಗಳಿಗೆ ಇಳಿದು ಸತ್ಯಾಗ್ರಹ ಹೂಡಿದರು. ಗಂಡಸರೂ ಹೆಂಗಸರೂ ಸೆರೆಮನೆ ತುಂಬಿದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಜೂನಿನಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದರು; ಮೈಸೂರಿನ ಕಾಂಗ್ರೆಸ್ ಸರಕಾರ ಅವರನ್ನೂ ಹಿಡಿದು ಒಳಗೆ ಹಾಕಿತು. ಖಾದಿ ತೊಟ್ಟ ಸರಕಾರವೊಂದು ಒಡೆಯನ ಕೊಳಗವನ್ನು ಕಾಯಲು ಪೋಲೀಸರನ್ನು ಕಳಿಸಿದ ಈ ದೃಶ್ಯವನ್ನು ನೋಡಿದವರಿಗೆ ಯಾವ ಪುಸ್ತಕದ ಪಾಠವೂ ಬೇಕಾಗಲಿಲ್ಲ.

1952ರ ಮೊದಲ ಚುನಾವಣೆಯಲ್ಲಿ ಅದೇ ಸಾಗರ–ಹೊಸನಗರದಿಂದ ಶಾಂತವೇರಿ ಗೋಪಾಲಗೌಡರು ಆರಿಸಿ ಬಂದರು. ಆಸ್ತಿಯಿಲ್ಲದ, ಕಾರಿಲ್ಲದ, ಇನ್ನೂ ಮೂವತ್ತು ತುಂಬದ ಮನುಷ್ಯ. ಅವರು ವಿಧಾನಸಭೆಯಲ್ಲಿ ಎದ್ದು ನಿಂತರೆ ಮಂತ್ರಿಗಳು ಕಾಗದ ತಿರುವಿ ಹಾಕುತ್ತಿದ್ದರೆಂದು ಹಳಬರು ಹೇಳುವುದುಂಟು. 1957ರಲ್ಲಿ ಸೋತರು, 1962 ಹಾಗೂ 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಉಳುವವನಿಗೆ ಭೂಮಿ ಎಂದರು, ಈ ರಾಜ್ಯಕ್ಕೆ ಮೈಸೂರೆಂಬ ಹೆಸರು ಬೇಡ, ಕರ್ನಾಟಕವೆಂದು ಕರೆಯಿರಿ ಎಂದರು. 1972ರ ಜೂನ್ 9ರಂದು ಅವರು ತೀರಿಕೊಂಡಾಗ ಇವೆರಡರಲ್ಲಿ ಒಂದೂ ಕೈಗೂಡಿರಲಿಲ್ಲ. ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ, ಭೂಸುಧಾರಣೆಯ ಬಿಗಿಯಾದ ಕಾಯಿದೆ ಬಂದದ್ದು 1974ರಲ್ಲಿ. ಎರಡನ್ನೂ ತಂದವರು ಕಾಂಗ್ರೆಸ್ಸಿನ ದೇವರಾಜ ಅರಸರು.

ಈಗ ಅಂಕಿಗಳನ್ನು ನೋಡಿರಿ. ಸುಳ್ಳು ಹೇಳುವ ಪುಢಾರಿಗಳಿಗೆ ಅಂಕಿಗಳೆಂದರೆ ಆಗಿಬರುವುದಿಲ್ಲ. 1957ರಲ್ಲಿ ಪ್ರಜಾ ಸಮಾಜವಾದಿಗಳು 18 ಸ್ಥಾನ ಗೆದ್ದರು. 1962ರಲ್ಲಿ 20, ಲೋಹಿಯಾ ಪಕ್ಷದ್ದು ಒಂದು. 1967ರಲ್ಲಿ ಪ್ರಜಾ ಸಮಾಜವಾದಿ 20, ಸಂಯುಕ್ತ ಸಮಾಜವಾದಿ 6. 216ರ ಸಭೆಯಲ್ಲಿ ಒಟ್ಟು 26. ಐದು ವರ್ಷ ಕಳೆದು 1972 ಬಂದಾಗ ಎಷ್ಟು? ಮೂರು! ಕಾಗೋಡಿನ ಮಗ ಕಾಗೋಡು ತಿಮ್ಮಪ್ಪನವರು ಆ ಮೂವರಲ್ಲಿ ಒಬ್ಬರು. ಆಮೇಲೆ ಅವರೂ ಕಾಂಗ್ರೆಸ್ಸಿಗೆ ಹೋದರು, ಸ್ಪೀಕರರಾದರು, ಕಂದಾಯ ಮಂತ್ರಿಯಾದರು.

26 ಹೇಗೆ 3 ಆಯಿತು? ಮತದಾರ ಕೈಕೊಟ್ಟನೆಂದು ಸುಲಭವಾಗಿ ಹೇಳಿಬಿಡಬಹುದು. ಮತದಾರನಿಗೆ ಪಕ್ಷದ ಗುರುತೇ ಸಿಗದಂತೆ ಮಾಡಿದವರು ಯಾರು? 1952ರಲ್ಲಿ ಕೃಪಲಾನಿಯವರ ಪಕ್ಷದೊಡನೆ ವಿಲೀನ, ಹೊಸ ಹೆಸರು. 1955ರ ಕೊನೆಗೆ ಲೋಹಿಯಾ ಬೇರೆ, ಮತ್ತೊಂದು ಹೆಸರು. 1964ರಲ್ಲಿ ಕೂಡಿಕೆ, ಮೂರನೆಯ ಹೆಸರು. ಕೂಡಿ ವರುಷ ತುಂಬುವ ಮೊದಲೇ, 1965ರ ಜನವರಿಯಲ್ಲಿ, ಮತ್ತೆ ಒಡಕು. 1971ರಲ್ಲಿ ಮತ್ತೆ ಕೂಡಿಕೆ. ಆರು ವರ್ಷ ಕಳೆದು 1977ರಲ್ಲಿ ಜನತಾ ಪಕ್ಷವೆಂಬ ದೊಡ್ಡ ಹೊಳೆಯಲ್ಲಿ ಮುಳುಗಡೆ. ಒಂದು ಕಿರಾಣಿ ಅಂಗಡಿಯ ಬೋರ್ಡನ್ನು ಇಷ್ಟು ಸಲ ಬದಲಿಸಿದರೆ ಉದ್ರಿ ಗಿರಾಕಿಯೂ ಹಾದಿ ತಪ್ಪುತ್ತಾನೆ. ಪ್ರತಿ ಸಲ ನಾಯಕರು ಕೂತು ತೀರ್ಮಾನಿಸಿದರು. ಸಾಗರದ ಗೇಣಿದಾರನನ್ನಾಗಲಿ ಗಿರಣಿಯ ಕಾಮಗಾರನನ್ನಾಗಲಿ ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಶಾಖೆಗಳಾದರೂ ಇರಬೇಕಲ್ಲ!

ನಮ್ಮ ಬೆಳಗಾವಿ ಜಿಲ್ಹೆಯಲ್ಲಿ ಇದಕ್ಕೆ ಇನ್ನೊಂದು ಗಾಯ ಸೇರಿತು. 1956ರಲ್ಲಿ ಸಂಯುಕ್ತ ಮಹಾರಾಷ್ಟ್ರ ಸಮಿತಿ ಹುಟ್ಟಿದಾಗ ಪ್ರಜಾ ಸಮಾಜವಾದಿ ಮುಖಂಡ ಎಸ್. ಎಂ. ಜೋಶಿ ಅದರ ಮುಂದಾಳು. ಕಮ್ಯುನಿಸ್ಟ್ ಡಾಂಗೆ, ಶೇತಕರಿ ಕಾಮಗಾರ ಪಕ್ಷ ಅದರ ಕಂಬಗಳು. ಇತ್ತ ಕರ್ನಾಟಕದಲ್ಲಿ ಅದೇ ಸಮಾಜವಾದಿಗಳು ಕನ್ನಡದ ಪರ. ಮುಂಬಯಿಯ ಸಮಾಜವಾದಿ ಬೆಳಗಾವಿಯನ್ನು ಕೇಳುತ್ತಾನೆ, ಶಿವಮೊಗ್ಗೆಯ ಸಮಾಜವಾದಿ ಕೊಡುವುದಿಲ್ಲ ಎನ್ನುತ್ತಾನೆ. ನಡುವೆ ಗಿರಣಿಯಲ್ಲಿ ಒಂದೇ ಪಾಳಿಯಲ್ಲಿ ದುಡಿಯುವ ಕನ್ನಡಿಗ ಮತ್ತು ಮರಾಠಿಗ ಕೂಲಿಯ ಮಾತು ಬಿಟ್ಟು ಗಡಿಯ ಮಾತು ಹಿಡಿದರು. ಬೆಳಗಾವಿಯ ಶಹರದಲ್ಲಿ ಕೆಂಪು ಬಾವುಟಕ್ಕೆ ಭಾಷೆಯ ಬಣ್ಣ ಬಳಿದ ಮೇಲೆ ಬೈಲಹೊಂಗಲ, ಸವದತ್ತಿಯ ಕನ್ನಡ ಕೂಲಿಕಾರ ಅದರ ಹತ್ತಿರ ಹೇಗೆ ಸುಳಿದಾನು? ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಗಡಿಯ ರಾಜಕಾರಣ ಅದಕ್ಕೆ ಕಿವಿಗೊಡದೆ ತಲೆಮಾರುಗಟ್ಟಲೆ ಓಟು ಕಟಾವು ಮಾಡುತ್ತ ನಡೆಯಿತು. ಕನ್ನಡದ ಅಭಿಮಾನ ತಪ್ಪೆಂದು ನಾವು ಎಂದೂ ಹೇಳೆವು. ಕೂಲಿಯ ಲೆಕ್ಕದಲ್ಲಿ ಗಿರಣಿ ಮಾಲಕ ಕನ್ನಡಿಗನಿಗೂ ಮರಾಠಿಗನಿಗೂ ಭೇದ ಮಾಡುವುದಿಲ್ಲವೆಂಬುದನ್ನಷ್ಟೇ ನೆನಪಿಸುತ್ತೇವೆ.

ಇನ್ನು 1983. ರಾಮಕೃಷ್ಣ ಹೆಗಡೆಯವರ ಜನತಾ ಸರಕಾರ ಬಂದಿತು. ಹಳೆಯ ಸಮಾಜವಾದಿಗಳಿಗೆ ಹಾರ, ಕಾರು, ಬಂಗಲೆ ದೊರೆತವು. ಕೆಲಸವೇ ಆಗಲಿಲ್ಲವೆಂದರೆ ಅನ್ಯಾಯವಾದೀತು. ಅಬ್ದುಲ್ ನಜೀರ್ ಸಾಹೇಬರು ಜಿಲ್ಹಾ ಪರಿಷತ್ತುಗಳನ್ನು ತಂದು 1987ರಲ್ಲಿ ಚುನಾವಣೆ ನಡೆಸಿ ಹಳ್ಳಿಗೆ ಅಧಿಕಾರ ಕೊಟ್ಟದ್ದು ದೊಡ್ಡ ಕೆಲಸವೇ. ಆದರೆ ಅದೇ ಪಂಚಾಯತ ವ್ಯವಸ್ಥೆಯಲ್ಲಿ 2016ರಲ್ಲಿ ಆರಿಸಿ ಬಂದ ಜಿಲ್ಹಾ ಮತ್ತು ತಾಲೂಕು ಪಂಚಾಯತಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳ ಕೈಯಲ್ಲಿ ಕೊಳೆತಾಗ ಕಟ್ಟಿದವರ ವಾರಸುದಾರರೆನ್ನುವ ಒಂದು ಪಕ್ಷವಾದರೂ ಬೀದಿಗಿಳಿಯಿತೇ?

ದೂರದ ದೇಶದ ಒಂದು ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಸಮಾಜವಾದಿ ಪಕ್ಷ ಹುಟ್ಟಿದ 1934ರಲ್ಲಿಯೇ ಅರಬರ ಇರಾಕಿನಲ್ಲಿ ಕಮ್ಯುನಿಸ್ಟ್ ಪಕ್ಷ ಹುಟ್ಟಿತು. ಅದರ ನಾಯಕ ಫಹದ್‌ನನ್ನು 1949ರ ಫೆಬ್ರುವರಿಯಲ್ಲಿ ಬಗದಾದಿನಲ್ಲಿ ಗಲ್ಲಿಗೇರಿಸಿದರು. ಪಕ್ಷ ಸಾಯಲಿಲ್ಲ. 1958ರ ಕ್ರಾಂತಿಯ ಹೊತ್ತಿಗೆ ರೈಲ್ವೆ, ಬಂದರು, ಎಣ್ಣೆ ಬಾವಿಗಳ ಕಾಮಗಾರರ ನಡುವೆ ಅದು ಬೇರು ಬಿಟ್ಟಿತ್ತು. 1959ರ ಮೇ ದಿನ ಬಗದಾದಿನ ಬೀದಿಗಳು ಅದರ ಮೆರವಣಿಗೆಯಿಂದ ತುಂಬಿದವು. 1963ರಲ್ಲಿ ಬಾತ್ ಪಕ್ಷದವರು ಮನೆ ಮನೆ ಹೊಕ್ಕು ಅದರ ಜನರನ್ನು ಕೊಂದರು. ಆಗಲೂ ಸಾಯಲಿಲ್ಲ. 1972ರಲ್ಲಿ ಅದೇ ಬಾತ್ ಪಕ್ಷ ಎರಡು ಮಂತ್ರಿಸ್ಥಾನ ಕೊಟ್ಟು ಕರೆಯಿತು, 1973ರಲ್ಲಿ ರಾಷ್ಟ್ರೀಯ ರಂಗವೆಂಬ ಕೂಟಕ್ಕೆ ಸಹಿ ಹಾಕಿಸಿಕೊಂಡಿತು. ಐದು ವರ್ಷ ಕಳೆಯುವುದರೊಳಗೆ, 1978ರಲ್ಲಿ, ಮತ್ತೆ ಗಲ್ಲುಗಳು ಸುರುವಾದವು. ಮರುವರ್ಷ ಸದ್ದಾಂ ಹುಸೇನ್ ಅಧ್ಯಕ್ಷನಾಗುವ ಹೊತ್ತಿಗೆ ಮಂತ್ರಿಗಿರಿಯೂ ಇರಲಿಲ್ಲ, ದೇಶದೊಳಗೆ ಬಹಿರಂಗವಾಗಿ ನಿಲ್ಲುವ ಜಾಗವೂ ಇರಲಿಲ್ಲ. ಹಗ್ಗದಿಂದ ಆಗದ ಹಾನಿ ಕುರ್ಚಿಯಿಂದ ಆಗಿತ್ತು. ನಮ್ಮಲ್ಲಿ ಯಾರಿಗೂ ಗಲ್ಲಾಗಲಿಲ್ಲ, ದೇವರ ದಯ. ಕುರ್ಚಿ ಮಾತ್ರ ಧಾರಾಳವಾಗಿ ಸಿಕ್ಕಿತು.

ಎಷ್ಟು ಧಾರಾಳವೆಂದರೆ ಸಮಾಜವಾದಿ ಬಳಗದಿಂದ ಬಂದವರು ಮೂವರು ಈ ರಾಜ್ಯದ ಮುಖ್ಯಮಂತ್ರಿಗಳಾದರು! ಎಸ್. ಬಂಗಾರಪ್ಪನವರು 1967ರಲ್ಲಿ ಸಂಯುಕ್ತ ಸಮಾಜವಾದಿಯಾಗಿ ಆರಿಸಿ ಬಂದವರು; 1990ರಲ್ಲಿ ಮುಖ್ಯಮಂತ್ರಿಯಾದದ್ದು ಕಾಂಗ್ರೆಸ್ಸಿನಿಂದ. ಆಮೇಲೆ ತಾವೇ ಕಟ್ಟಿದ ಪಕ್ಷಗಳು, 2004ರಲ್ಲಿ ಭಾರತೀಯ ಜನತಾ ಪಕ್ಷ, ಮರುವರ್ಷ ಮುಲಾಯಂಸಿಂಗರ ಸಮಾಜವಾದಿ ಪಕ್ಷ, ಕೊನೆಗೆ ಜನತಾದಳ. ಎಣಿಸುವವರಿಗೆ ಬೆರಳು ಸಾಲದು. ಜೆ. ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ದೇಶವನ್ನೇ ತಿರುಗಿ ನೋಡುವಂತೆ ಮಾಡಿದವರು. 1996ರಿಂದ 1999ರ ವರೆಗೆ ಮುಖ್ಯಮಂತ್ರಿ. ಸಿದ್ಧರಾಮಯ್ಯನವರು ಲೋಹಿಯಾ ವಿಚಾರದ ಬಳಗದಲ್ಲಿ, ನಂಜುಂಡಸ್ವಾಮಿಯವರ ಒಡನಾಟದಲ್ಲಿ ರಾಜಕಾರಣ ಕಲಿತವರು; 2006ರಲ್ಲಿ ಕಾಂಗ್ರೆಸ್ ಸೇರಿ 2013ರಲ್ಲೊಮ್ಮೆ, 2023ರಲ್ಲೊಮ್ಮೆ ಮುಖ್ಯಮಂತ್ರಿಗಳಾದರು. ಮೂವರು ಮುಖ್ಯಮಂತ್ರಿಗಳನ್ನು ಹೆತ್ತ ತಾಯಿಗೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಒಂದು ಬಾಡಿಗೆಯ ಕೋಣೆಯಿಲ್ಲ.

"ಒಳಗೆ ಹೋಗಿ ಒಳ್ಳೆಯದು ಮಾಡಿದರಲ್ಲ" ಎನ್ನುವವರಿದ್ದಾರೆ. ಅವರಿಗೆ ಎರಡು ಸಂಗತಿಗಳನ್ನು ಹೇಳುತ್ತೇವೆ. 1974ರ ಕಾಯಿದೆಯಲ್ಲಿ 79ಎ, 79ಬಿ ಎಂಬ ಕಲಮುಗಳಿದ್ದವು; ಬೇಸಾಯವಲ್ಲದ ದಂಧೆಯಿಂದ ಮಿತಿ ಮೀರಿ ಗಳಿಸುವವರೂ ಕಂಪನಿಗಳೂ ಹೊಲ ಕೊಳ್ಳದಂತೆ ಅವು ಬೇಲಿ ಹಾಕಿದ್ದವು. ಸಾಹುಕಾರರು ಕಳ್ಳದಾರಿ ಹುಡುಕಿದ್ದರು ನಿಜ, ಆದರೂ ಬೇಲಿ ಬೇಲಿಯೇ. 2020ರ ಡಿಸೆಂಬರಿನಲ್ಲಿ ಭಾರತೀಯ ಜನತಾ ಪಕ್ಷದ ಸರಕಾರ ಆ ಬೇಲಿ ಕಿತ್ತಿತು. ವಿಧಾನ ಪರಿಷತ್ತಿನಲ್ಲಿ ಅದಕ್ಕೆ ಕೈ ಎತ್ತಿ ಪಾರು ಮಾಡಿಸಿದವರು ಯಾರು? ಜಾತ್ಯತೀತ ಜನತಾದಳದವರು, ಅದೇ 1977ರ ಹೊಳೆಯ ಕಾಲುವೆ! ಎರಡನೆಯದು 2025ರ ಜುಲೈ ತಿಂಗಳದ್ದು. ಮೊಬೈಲಿನ ಯುಪಿಐ ಜಮೆ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಕಾರರಿಗೆ ನೋಟೀಸು ಹೊರಡಿಸಿತು. ಹಾವೇರಿಯ ಒಬ್ಬ ಕಾಯಿಪಲ್ಲೆ ವ್ಯಾಪಾರಿಗೆ ಬಂದದ್ದು 29 ಲಕ್ಷ ರೂಪಾಯಿಯದು. ಕಾಯಿಪಲ್ಲೆಗೆ ತೆರಿಗೆಯೇ ಇಲ್ಲ! ಅಂಗಡಿಕಾರರು ಕೂಗೆಬ್ಬಿಸಿದ ಮೇಲೆ ಹಳೆಯ ಬಾಕಿ ಕೇಳುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದರು. ಆಗಿನ ಮುಖ್ಯಮಂತ್ರಿಗಳು ಸಮಾಜವಾದಿ ಬಳಗದವರೇ. ಒಳಗೆ ಹೋದವರಿಂದ ಆದ ಲಾಭವೇನೆಂದರೆ, ನೋಟೀಸು ಕಳಿಸುವ ಮೊದಲು ಕೇಳುವವರು ಇರಲಿಲ್ಲ. ಕೂಗಿದ ಮೇಲೆ ಕೇಳಿಸಿತು, ಅಷ್ಟೇ.

ಮತ್ತೆ ನಮ್ಮ ಸೀಮೆಗೆ ಬರೋಣ. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಒಡ್ಡು ಕಟ್ಟಿದರು. ಮುಳುಗಿದ್ದು ಇಲ್ಲಿಯವರ ಹೊಲ. ನೀರು ಹರಿದದ್ದು ಮುಖ್ಯವಾಗಿ ನವಲಗುಂದ, ನರಗುಂದದ ಕಡೆಗೆ. ಅಲ್ಲಿಯ ರೈತನಿಗೂ ಸುಖವಿರಲಿಲ್ಲ. ನೀರು ಸರಿಯಾಗಿ ತಲುಪದ ಹೊಲಕ್ಕೂ ಅಭಿವೃದ್ಧಿ ಕರ, ಬಾಕಿಗೆ ಜಪ್ತಿ, ಹತ್ತಿಗೆ ದರವಿಲ್ಲ. 1980ರ ಜುಲೈ 21ರಂದು ನರಗುಂದ–ನವಲಗುಂದಗಳಲ್ಲಿ ಗುಂಡು ಹಾರಿತು, ರೈತರು ಸತ್ತರು. ಆ ಬೆಂಕಿಯ ಬೆಳಕಿನಲ್ಲಿ ಅದೇ ವರ್ಷ ಶಿವಮೊಗ್ಗೆಯಲ್ಲಿ ರಾಜ್ಯ ರೈತಸಂಘ ಹುಟ್ಟಿತು. ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ, ನಂಜುಂಡಸ್ವಾಮಿ; ಗೋಪಾಲಗೌಡರ ನಾಡಿನ ಸಮಾಜವಾದಿ ಯುವಕರೇ ಅದರ ಬೆನ್ನೆಲುಬು. ಹೆಸರಿನ ಪಕ್ಷ ಜನತಾದಲ್ಲಿ ಮುಳುಗಿದ್ದಾಗ ಕಾಗೋಡಿನ ಜೀವ ಹೀಗೆ ಹಸಿರು ಶಾಲು ಹೊದ್ದು ಮೇಲೆದ್ದಿತು. ಜಪ್ತಿಯಾದ ಪಾತ್ರೆ ಪಗಡೆಗಳನ್ನು ರೈತರು ಗುಂಪಾಗಿ ಹೋಗಿ ಮರಳಿ ತಂದರು. ಊರ ಅಗಸೆಯಲ್ಲಿ ಬೋರ್ಡು ಬಿತ್ತು, ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಎಂದು. ಕಿತ್ತೂರಿನ 1989 ಬಂದದ್ದು ಈ ಹಾದಿಯಿಂದ.

ಅಲ್ಲಿಂದ ಮುಂದೆ? ಬಾಬಾಗೌಡರು ಸಂಘದಿಂದ ಹೊರಬಂದರು. 1998ರಲ್ಲಿ ಭಾರತೀಯ ಜನತಾ ಪಕ್ಷದಿಂದ ಬೆಳಗಾವಿಯ ಲೋಕಸಭೆ ಗೆದ್ದು ವಾಜಪೇಯಿಯವರ ಸರಕಾರದಲ್ಲಿ ರಾಜ್ಯ ಮಂತ್ರಿಯಾದರು. 2021ರಲ್ಲಿ ತೀರಿಕೊಂಡ ಆ ಹೋರಾಟಗಾರನ ಮೇಲೆ ಎಲ್ಲ ಭಾರ ಹೊರಿಸುವುದು ಪುಢಾರಿಗಳಿಗೆ ಅನುಕೂಲ, ನಮಗಲ್ಲ. ಅವರು ಹೋದಾಗ "ನಿಲ್ಲಿರಿ, ನಮ್ಮ ಲೆಕ್ಕ ಹೇಳಿರಿ" ಎನ್ನುವ ಶಾಖೆ ಕಿತ್ತೂರಿನಲ್ಲಿ ಉಳಿದಿತ್ತೇ? 1994ರಲ್ಲಿ ಸಂಘಕ್ಕೆ ಬಂದದ್ದು ಪಾಂಡವಪುರದ ಒಂದೇ ಸ್ಥಾನ, ಕೆ. ಎಸ್. ಪುಟ್ಟಣ್ಣಯ್ಯನವರದು. ಸಂಘವೂ ಒಡೆದು ಬಣಗಳಾಯಿತು. ಸಮಾಜವಾದಿ ರಕ್ತವಲ್ಲವೇ, ಒಡಕು ಹುಟ್ಟುಗುಣ. ಇನ್ನೊಂದು ದೊಡ್ಡ ಕೊರತೆಯನ್ನೂ ಹೇಳಬೇಕು. ರೈತಸಂಘ ಹೊಲವಿದ್ದವನ ಸಂಘವಾಗಿ ಉಳಿಯಿತು. ಹತ್ತಿ ಗಿರಣಿಯ ಹಮಾಲ, ಕಬ್ಬು ಕಡಿಯುವ ಕೂಲಿಕಾರ, ರಾಮದುರ್ಗದ ನೇಕಾರ, ಸಂತೆಯ ಸಣ್ಣ ವ್ಯಾಪಾರಿ ಅದರ ಸಭೆಗೆ ಚಪ್ಪಾಳೆ ತಟ್ಟಲು ಬೇಕಾದರು, ಅದರ ಪಾವತಿ ಪುಸ್ತಕದಲ್ಲಿ ಅವರ ಹೆಸರು ಬರಲಿಲ್ಲ.

ಇದು ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. 2025ರ ನವೆಂಬರಿನಲ್ಲಿ ನಮ್ಮದೇ ಜಿಲ್ಹೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆ ಹಿಡಿದು ಕೂತರು. ಟನ್ನಿಗೆ 3,500 ರೂಪಾಯಿ ಕೇಳಿದರು. ದಿನಗಟ್ಟಲೆ ಕೂತ ಮೇಲೆ 3,300ಕ್ಕೆ ತೀರ್ಮಾನವಾಯಿತು. ಸುತ್ತಲಿನ ಊರುಗಳಲ್ಲಿ ಅಂಗಡಿಕಾರರು ಬಾಗಿಲು ಹಾಕಿ ಜತೆಗೆ ನಿಂತರು. ಯಾವ ಪಕ್ಷವೂ ಅವರನ್ನು ಕೂಡಿಸಿರಲಿಲ್ಲ. ಎಲ್ಲ ಪಕ್ಷಗಳ ಪುಢಾರಿಗಳು ಮಾತ್ರ ಪೆಂಡಾಲಿಗೆ ಬಂದು ಹೋದರು, ಯಾಕೆಂದರೆ ಜಿಲ್ಹೆಯ ಸಕ್ಕರೆ ಕಾರಖಾನೆಗಳು ಎಲ್ಲ ಪಕ್ಷಗಳ ಮನೆಗಳಲ್ಲಿ ಹಂಚಿಹೋಗಿವೆ. ಅದೇ ತಿಂಗಳು, 21ನೇ ತಾರೀಖಿಗೆ, ದಿಲ್ಲಿ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಕಾರಖಾನೆ ಮುಚ್ಚಲು, ಕಾಮಗಾರರನ್ನು ತೆಗೆಯಲು ಸರಕಾರದ ಪರವಾನಿಗೆ ಬೇಕೆಂಬ ನಿಯಮ ಮೊದಲು ನೂರು ಜನರಿದ್ದ ಕಾರಖಾನೆಗೆ ಇತ್ತು. ಇದರಲ್ಲಿ ಅದನ್ನು ಮುನ್ನೂರಕ್ಕೆ ಏರಿಸಲಾಯಿತು. ನಮ್ಮ ಪೇಟೆಗಳ ಗಿರಣಿಗಳಲ್ಲಿ ಮುನ್ನೂರು ಜನರ ಹಾಜರಿ ಪಟ್ಟಿ ಎಷ್ಟರಲ್ಲಿದೆ, ಕಾಮಗಾರರು ತಾವೇ ಎಣಿಸಲಿ. ಕಬ್ಬಿನವರು ಗುರ್ಲಾಪುರದಲ್ಲಿ ಕೂತಾಗ ಗಿರಣಿಯವನು ತನ್ನ ಸಂಕಟ ಬೇರೆ ಎಂದುಕೊಂಡ. ನೋಟೀಸು ಬಂದಾಗ ಅಂಗಡಿಕಾರ ತನ್ನದು ಬೇರೆ ಎಂದುಕೊಂಡಿದ್ದ. ಬೇರೆ ಬೇರೆಯಾಗಿ ಎಲ್ಲರೂ ಅರ್ಧ ಗೆದ್ದು ಮನೆಗೆ ಹೋದರು.

ಚುನಾವಣೆ ಹತ್ತಿರ ಬಂದಾಗ ವಿಲೀನದ ಮಾತು, ಹೊಂದಾಣಿಕೆಯ ಮಾತು, "ದೊಡ್ಡ ಪಕ್ಷದಾಗ ಇದ್ರ ನಿಮ್ಮ ಕೆಲಸ ಆಗ್ತಾವ" ಎಂಬ ಮಾತು ಹೊತ್ತು ಮಂದಿ ಓಣಿಗೆ ಬರುತ್ತಾರೆ. ಸಮಾಜವಾದಿ ಹೆಸರಿನವರೂ ಬರಬಹುದು, ಹಸಿರು ಶಾಲಿನವರೂ ಬರಬಹುದು. ಬಂದವರಿಗೆ ಚಹಾ ಕೊಡಿರಿ, ಕೂಡ್ರಿಸಿರಿ. ಆಮೇಲೆ ಕೇಳಿರಿ: ಈ ತಾಲೂಕಿನಲ್ಲಿ ನಿಮ್ಮ ಪಾವತಿ ಪುಸ್ತಕ ಎಲ್ಲಿದೆ, ಅದರಲ್ಲಿ ವರ್ಗಣಿ ಕೊಟ್ಟವರ ಹೆಸರು ಎಷ್ಟು, ಅವರಲ್ಲಿ ಹಮಾಲರೆಷ್ಟು, ನೇಕಾರರೆಷ್ಟು, ಕೂಲಿಕಾರರೆಷ್ಟು, ಚುನಾವಣೆ ಇಲ್ಲದ ವರ್ಷ ನಿಮ್ಮ ಸಭೆ ಎಷ್ಟು ಸಲ ಕೂಡಿತು, ಗೆದ್ದ ಮನುಷ್ಯ ಬೇರೆ ಬಾವುಟದ ಕೆಳಗೆ ಹೋಗಿ ನಿಂತರೆ ಅವನನ್ನು ಮರಳಿ ಕರೆದು ಲೆಕ್ಕ ಕೇಳುವ ಅಧಿಕಾರ ಯಾರ ಕೈಯಲ್ಲಿ ಇಟ್ಟಿದ್ದೀರಿ?